ಮೂರನೆಯ ಚುಚ್ಚಿಗೆ ಮೊದಲು

ಪ್ರಶ್ನೆ: ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕರಿಗೂ ಕಿರಿಯ ವೈದ್ಯರಿಗೂ ತರಬೇತಿ ನೀಡುವುದು ನನ್ನ ಕೆಲಸ. ರಬ್ಬರ್ ಕೈಯ ಮೇಲೆ ತಪ್ಪಿಲ್ಲದೆ ಕ್ಯಾನುಲಾ (ರಕ್ತನಾಳದೊಳಗೆ ಕೂರಿಸುವ ಸಣ್ಣ ನಳಿಕೆ) ಹಾಕುವವರೇ, ರಕ್ತ ಕಳೆದುಕೊಂಡು ಬಂದ ಗಾಯಾಳುವಿನ ಮುಂದೆ ನಿಂತಾಗ ಒಂದೇ ಕೈಗೆ ನಾಲ್ಕೈದು ಬಾರಿ ಚುಚ್ಚುತ್ತಾರೆ. ಕಲಿಸುವ ಕ್ರಮದಲ್ಲಿ ಏನನ್ನು ಬದಲಿಸಬೇಕು? ಚರ್ಮ ಸೀಳಿ ರಕ್ತನಾಳವನ್ನು ಬಯಲುಮಾಡಿ ಅದರೊಳಗೆ ನಳಿಕೆ ಹಾಕುವ ಕಟ್‌ಡೌನ್ ಅನ್ನು ಈಗಲೂ ಕಲಿಸಬೇಕೇ?

ಉತ್ತರ: ನಿಮ್ಮ ವಿದ್ಯಾರ್ಥಿಗಳ ಕೈ ಪಳಗಿದೆ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಿದಂತಿಲ್ಲ. ಇನ್ನೊಂದು ಬಾರಿ ಚುಚ್ಚಿದರೆ ಸಿಕ್ಕೇಬಿಡುತ್ತದೆ ಎಂಬ ಆಸೆ ಅನುಭವಿಗಳನ್ನೂ ಬಿಡುವುದಿಲ್ಲ. ಆದ್ದರಿಂದ ಮಿತಿಯನ್ನು ಸೂಜಿ ಹಿಡಿಯುವ ಮೊದಲೇ ಗೊತ್ತುಮಾಡಬೇಕು. ಎರಡು ಪ್ರಯತ್ನ ಅಥವಾ 90 ಸೆಕೆಂಡು, ಯಾವುದು ಮೊದಲು ಮುಗಿಯುತ್ತದೋ ಅದು, ಎಂದು ಇಟ್ಟುಕೊಳ್ಳಬಹುದು. ಒಬ್ಬರು ಗಡಿಯಾರ ನೋಡಿ ಸಮಯ ಕೂಗಲಿ. ಮಿತಿ ಮುಗಿದಾಗ ವಿದ್ಯಾರ್ಥಿ “ಇಲ್ಲಿಗೆ ಬಿಟ್ಟೆ, ಮೂಳೆಗೆ ಹೋಗುತ್ತೇನೆ” ಎಂದು, ಅಂದರೆ ಇನ್ನು ಮೂಳೆಯೊಳಗೇ ಸೂಜಿ ಹಾಕುತ್ತೇನೆ ಎಂದು, ಎಲ್ಲರಿಗೂ ಕೇಳುವಂತೆ ಹೇಳಲಿ. ಅಂಕ ಕೊಡುವಾಗ ಸಕಾಲದಲ್ಲಿ ಬಿಟ್ಟವನಿಗೆ, ಐದನೆಯ ಬಾರಿಗೆ ಗೆದ್ದವನಿಗಿಂತ ಹೆಚ್ಚು ಕೊಡಿ.

ರಬ್ಬರ್ ಕೈಯದೂ ಒಂದು ಮೋಸವಿದೆ: ಅದರ ನಾಳಗಳು ಸದಾ ತುಂಬಿರುತ್ತವೆ. ರಕ್ತ ಸೋರಿಹೋದ ದೇಹವಾದರೋ ಹೃದಯ ಮತ್ತು ಮಿದುಳನ್ನು ಉಳಿಸಿಕೊಳ್ಳಲು ಚರ್ಮದಡಿಯ ನಾಳಗಳನ್ನು ಬಿಗಿಗೊಳಿಸುತ್ತದೆ. ಕೈ ತಣ್ಣಗಾಗಿ, ಅಭಿಧಮನಿ ಬೆರಳಿಗೆ ತಾಗದಷ್ಟು ಚಪ್ಪಟೆಯಾಗುತ್ತದೆ. ಮಾದರಿಯ ಕೆಂಪು ನೀರನ್ನು ಮುಕ್ಕಾಲು ಪಾಲು ಇಳಿಸಿ, ಕೈಗವಸನ್ನು ಒದ್ದೆಮಾಡಿ, ಪಕ್ಕದಲ್ಲೊಬ್ಬರು ಬಟ್ಟೆ ಕತ್ತರಿಸುತ್ತ ಸ್ಟ್ರೆಚರನ್ನು ಅಲುಗಿಸುತ್ತಿರುವಾಗ ಚುಚ್ಚಿಸಿ ನೋಡಿ; ನೀವು ಹೇಳುವ ತೊಂದರೆ ತರಗತಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಕ್ಯಾನುಲಾದ ಆಯ್ಕೆಯನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಲೇಸು. ಒಂದೇ ಎತ್ತರದಲ್ಲಿ ಸಲೈನ್ ಚೀಲಗಳನ್ನು ತೂಗುಹಾಕಿ, ಒಂದಕ್ಕೆ 16 ಗೇಜಿನ ಬೂದು, ಇನ್ನೊಂದಕ್ಕೆ 20 ಗೇಜಿನ ಗುಲಾಬಿ ಕ್ಯಾನುಲಾ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ನಳಿಕೆ ದಪ್ಪ), ಮತ್ತೊಂದಕ್ಕೆ ಕುತ್ತಿಗೆಯ ದೊಡ್ಡ ನಾಳಕ್ಕೆ ಹಾಕುವ, ಮೂರು ಕವಲಿನ ಉದ್ದನೆಯ ಸೆಂಟ್ರಲ್ ಲೈನ್ ಜೋಡಿಸಿ, ಬಕೆಟ್ಟಿಗೆ ಹರಿಯಬಿಡಿ. ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, ಉದ್ದ ಹೆಚ್ಚಿದಷ್ಟೂ ಇಳಿಯುತ್ತದೆ ಎಂಬ ಪ್ವಾಸ್ಯೂಯ್ ನಿಯಮ ಆಗ ಕಣ್ಣೆದುರೇ ನಡೆಯುತ್ತದೆ. ತ್ರಿಜ್ಯ ಎರಡರಷ್ಟಾದರೆ ಹರಿವು 16 ಪಟ್ಟು. ಕುತ್ತಿಗೆಯ ಲೈನ್ ಎಂದರೆ ದೊಡ್ಡದು ಎಂದು ನಂಬಿದ್ದವರು, ಮೊಣಕೈ ಮಡಿಕೆಗೆ ಹಾಕುವ ಗಿಡ್ಡ, ದಪ್ಪ ಕ್ಯಾನುಲಾವೇ ಚೀಲವನ್ನು ಮೊದಲು ಬರಿದುಮಾಡುವುದನ್ನು ನೋಡಿ ಬೆರಗಾಗುತ್ತಾರೆ. ಗಾಯಾಳುಗಳ ತುರ್ತು ಆರೈಕೆಯನ್ನು ವೈದ್ಯರಿಗೆ ಕಲಿಸುವ, 1978ರಲ್ಲಿ ಆರಂಭವಾದ ಎಟಿಎಲ್‌ಎಸ್ ತರಬೇತಿಯು ಅಗಲವಾದ ಎರಡು ಕ್ಯಾನುಲಾಗಳನ್ನು, ವಯಸ್ಕರಲ್ಲಿ ಕನಿಷ್ಠ 18 ಗೇಜಿನವನ್ನು, ಕೇಳುವುದು ಇದಕ್ಕಾಗಿಯೇ. ಮೂಳೆ ಮುರಿದ ಕೈಕಾಲಿಗೆ ಹಾಕಬಾರದು; ಹೊಟ್ಟೆ ಅಥವಾ ಸೊಂಟದ ಮೂಳೆಗೆ ಪೆಟ್ಟಾಗಿದ್ದರೆ ಕಾಲನ್ನು ಬಿಟ್ಟು ಕೈಯನ್ನೇ ಆರಿಸಬೇಕು, ಇಲ್ಲವಾದರೆ ಕೊಟ್ಟ ರಕ್ತ ಹೃದಯ ಮುಟ್ಟುವ ಮೊದಲೇ ಒಳಗೆ ಸೋರಿಹೋಗಬಹುದು.

ಮೂಳೆಯ ದಾರಿಗೆ ಹೆಚ್ಚು ಸಮಯ ಕೊಡಿ, ಏಕೆಂದರೆ ಕಲಿಯುವವರ ಅಂಜಿಕೆ ಇರುವುದು ಅಲ್ಲಿಯೇ. ಅಸ್ಥಿಮಜ್ಜೆಯ ನಾಳಗಳಿಗೆ ಸುತ್ತಲಿನ ಗಟ್ಟಿ ಮೂಳೆಯೇ ಆಸರೆಯಾದ್ದರಿಂದ ರಕ್ತದೊತ್ತಡ ಕುಸಿದರೂ ಅವು ಮುಚ್ಚಿಕೊಳ್ಳುವುದಿಲ್ಲ. ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬನ್ನು ಬೆರಳಿನಿಂದ ಹುಡುಕಿ, ಅಲ್ಲಿಂದ ಒಳಬದಿಗೆ ಸರಿದು ಟಿಬಿಯಾ ಮೂಳೆಯ ಚಪ್ಪಟೆ ಜಾಗವನ್ನು ಗುರುತಿಸಲು ಒಬ್ಬರ ಕಾಲಿನ ಮೇಲೊಬ್ಬರು ಪೆನ್ನಿನಿಂದ ಅಭ್ಯಾಸ ಮಾಡಲಿ. ಸೂಜಿ ಗಟ್ಟಿ ಪದರವನ್ನು ದಾಟಿದಾಗ ಪ್ರತಿರೋಧ ಥಟ್ಟನೆ ಸಡಿಲುವ ಅನುಭವವನ್ನು ಮಾತ್ರ ಮಾತಿನಲ್ಲಿ ಕೊಡಲಾಗದು. ಅದಕ್ಕೆ ಕೋಳಿಕಾಲಿನ ಮೂಳೆಯೋ ಕೃತಕ ಮೂಳೆಯೋ ಬೇಕು. ಸೂಜಿ ಆಸರೆಯಿಲ್ಲದೆ ನೆಟ್ಟಗೆ ನಿಲ್ಲಬೇಕು. ಮಜ್ಜೆ ಸಿರಿಂಜಿಗೆ ಬರಲಿಲ್ಲವೆಂದ ಮಾತ್ರಕ್ಕೆ ಕೀಳಬಾರದು. ಸಲೈನ್ ರಭಸದಿಂದ ತಳ್ಳಿ, ಮೀನಖಂಡ ಊದುತ್ತದೆಯೇ ಎಂದು ಮುಟ್ಟಿ ನೋಡಬೇಕು. ಎಚ್ಚರವಿರುವ ರೋಗಿಗೆ ಸೂಜಿಗಿಂತಲೂ ದ್ರವ ನುಗ್ಗುವಾಗಲೇ ಹೆಚ್ಚು ನೋವಾಗುವುದರಿಂದ ಮೊದಲು ಮರಗಟ್ಟಿಸುವ ಮದ್ದಾದ ಲಿಡೊಕೇನ್ ಕೊಡುವುದುಂಟು. ಚೀಲವನ್ನು ತೂಗುಹಾಕಿದರಷ್ಟೇ ಸಾಲದು, ಅದನ್ನು ಹಿಂಡಿ ದ್ರವವನ್ನು ತಳ್ಳುವ ಪ್ರೆಶರ್ ಬ್ಯಾಗ್ ಬೇಕು. ಒಮ್ಮೆ ತೂತಾದ ಅಥವಾ ಮುರಿದ ಮೂಳೆಗೆ ಹಾಕಬಾರದು. ಸಾಮಾನ್ಯವಾಗಿ 24 ಗಂಟೆಯೊಳಗೆ ಸೂಜಿಯನ್ನು ತೆಗೆಯಬೇಕು.

ಇನ್ನು ಕಟ್‌ಡೌನ್. ಮೂಳೆಸೂಜಿ ಬಂದ ಮೇಲೆ ಅದರ ಬಳಕೆ ಅಪರೂಪವಾಗಿದೆ. ಶುಶ್ರೂಷಕರಿಗೆ ಬೇಡ, ವೈದ್ಯರಿಗೆ ಮಾತ್ರ ಒಂದೆರಡು ಬಾರಿ ಮಾಡಿಸಿ. ಕಾಲಿನ ಒಳಹರಡಿನ ಮೂಳೆಯುಬ್ಬಿಗೆ ಸುಮಾರು 2 ಸೆಂಟಿಮೀಟರ್ ಮುಂದೆ, ಅಷ್ಟೇ ಮೇಲೆ, ಸಫೀನಸ್ ಅಭಿಧಮನಿ ಬಹುಮಟ್ಟಿಗೆ ತಪ್ಪದೆ ಸಿಗುತ್ತದೆ. ಅದರ ಮಗ್ಗುಲಲ್ಲೇ ಅದೇ ಹೆಸರಿನ ನರವೂ (ರಕ್ತನಾಳವಲ್ಲ, ನರ್ವ್) ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಪಾದದ ಒಳಅಂಚು ಜೋಮು ಹಿಡಿಯುತ್ತದೆ. ನಾವೆಲ್ಲ ದಿನವಿಡೀ “ನರ ಸಿಗುತ್ತಿಲ್ಲ” ಎನ್ನುತ್ತಲೇ ರಕ್ತನಾಳ ಹುಡುಕುವವರು. ವಾರ್ಡಿನಲ್ಲಿ ಆ ಮಾತು ನಡೆಯುತ್ತದೆ, ಆದರೆ ಕಟ್‌ಡೌನ್ ಕಲಿಸುವ ಮೇಜಿನ ಬಳಿ “ನರವನ್ನು ಕಟ್ಟಿ, ಕತ್ತರಿಸಿ” ಎಂದು ನಿಮ್ಮ ಬಾಯಿಂದ ಬಂದರೆ ವಿದ್ಯಾರ್ಥಿ ಹಾಗೆಯೇ ಮಾಡಿಯಾನು.