ತಮ್ಮನ ಮೊದಲ ಸಜೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ
ಮಾನ್ಯರೇ, ಹೊಡೆದಾಟದ ಪ್ರಕರಣದಲ್ಲಿ ಜಾಮೀನಿನ ಮೇಲಿದ್ದ ನಿಮ್ಮ 20 ವರ್ಷದ ತಮ್ಮನಿಗೆ ಮ್ಯಾಜಿಸ್ಟ್ರೇಟರು ಒಂದು ವರ್ಷದ ಸಾದಾ ಸಜೆ ವಿಧಿಸಿದ್ದಾರೆ, ಮುಂದೇನು ಎಂದು ಕೇಳಿದ್ದೀರಿ. ಸಜೆಯು 3 ವರ್ಷ ಮೀರದಿರುವುದರಿಂದ, ಮೇಲ್ಮನವಿ ಸಲ್ಲಿಸುವುದಾಗಿ ತಿಳಿಸಿದರೆ ಅದೇ ನ್ಯಾಯಾಲಯವು ಸಾಮಾನ್ಯವಾಗಿ ಸಜೆಯನ್ನು ಅಮಾನತಿನಲ್ಲಿರಿಸಿ ಜಾಮೀನು ನೀಡುತ್ತದೆ; ಆದರೆ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಕೆಯಾಗಬೇಕು. ಜೀವಾವಧಿ ಶಿಕ್ಷೆಗೆ ಒಳಪಡುವಂಥ ಅಪರಾಧವಲ್ಲದಿದ್ದರೆ, 21 ವರ್ಷ ತುಂಬದವರನ್ನು ಕಾರಣ ದಾಖಲಿಸದೆ ಜೈಲಿಗೆ ಕಳುಹಿಸುವಂತಿಲ್ಲವೆಂದು 1958ರ ಪ್ರೊಬೇಷನ್ ಕಾಯ್ದೆಯ (ಅಪರಾಧಿಯನ್ನು ಜೈಲಿಗೆ ಕಳುಹಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವ ಕಾಯ್ದೆ) 6ನೇ ಕಲಂ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಗಟ್ಟಿ ನೆಲೆ ಇದೇ (ಗಾಬರಿಯಲ್ಲಿ ಇದನ್ನೇ ಮರೆಯುವವರು ಹೆಚ್ಚು), ಆದ್ದರಿಂದ ವಕೀಲರಿಂದ ತೀರ್ಪನ್ನು ಮೊದಲು ಓದಿಸಿ. ಒಂದು ವೇಳೆ ಒಳಗೆ ಹೋಗಬೇಕಾಗಿ ಬಂದರೂ ಸಾದಾ ಸಜೆಯಲ್ಲಿ ದುಡಿಮೆ ಕಡ್ಡಾಯವಲ್ಲ. ವಿಚಾರಣೆಯ ವೇಳೆ ಬಂಧನದಲ್ಲಿ ಕಳೆದ ದಿನಗಳನ್ನೂ ಸಜೆಯ ಅವಧಿಯಿಂದ ಕಡಿತಗೊಳಿಸುತ್ತಾರೆ. ನಿಮ್ಮ ಕಾಫಿ ಕೊಯ್ಲಿನ ಗಳಿಕೆಯನ್ನು, ತಮ್ಮನನ್ನು ಬಿಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳ ಕೈಗೆ ಕೊಡಬೇಡಿ. ಬಂಧನದಲ್ಲಿರುವವರಿಗೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.