ಸಂಬಳ ಬರುವವರೆಗೆ ಅಂತ ತೆಗೆದ ಸಾಲ: ತಪ್ಪು ತಮ್ಮನದಾ, ಕೊಟ್ಟವರದಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ತಮ್ಮ ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ತಿಂಗಳ ಕೊನೆಗೆ ದುಡ್ಡು ಸಾಲದೆ, ಸಂಬಳ ಬರುವವರೆಗೆ ಅಂತ ಫೋನಿನ ಆ್ಯಪ್‌ನಲ್ಲಿ ಐದು ಸಾವಿರ ಸಾಲ ತೆಗೆದ. ಕೈಗೆ ಬಂದಿದ್ದು ಮೂರೂವರೆ ಸಾವಿರ, ಏಳು ದಿನಕ್ಕೆ ಐದು ಸಾವಿರ ಕಟ್ಟಬೇಕು. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು. ಈಗ ನಾಲ್ಕಾಗಿದೆ. ಊರಲ್ಲಿರುವ ಅಪ್ಪ "ಉಪ್ಪು ತಿಂದವ ನೀರು ಕುಡೀಲಿ" ಅಂತಾರೆ. ಭಾನುವಾರ ನೀವು ಊರಿಗೆ ಹೋಗಿ ಅವರ ಹತ್ತಿರ ಮಾತಾಡಬೇಕು. ಇಂಥ ಸಾಲ ಕೊಡುವುದು ತಪ್ಪಾ, ತಗೊಳ್ಳುವುದು ತಪ್ಪಾ ಅಂತ ಕೇಳಿದ್ದೀರಿ.

ಸಾಲ ವಸೂಲಿಯ ಕೆಲಸ ಮಾಡಿದವನು ನಾನು. ಒಂದು ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಬೈಕ್ ಮೇಲೆ ತಿರುಗಿದ್ದೇನೆ. ಈಗ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ನನಗೆ ತಿಳಿದಷ್ಟು ಹೇಳುತ್ತೇನೆ.

ಕೈಗೆ ಬಂದ ದುಡ್ಡು ತಮ್ಮನ ಹೊಣೆ. ಅದನ್ನು ಅವನು ವಾಪಸ್ ಕೊಡಬೇಕು. ಅದರಲ್ಲಿ ಅಪ್ಪನ ಮಾತು ಸರಿ. ಆದರೆ ಈ ಸಾಲದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಕೊಟ್ಟವರ ಕಡೆ ಇದೆ. ಅದನ್ನೂ ತಮ್ಮನ ತಲೆಗೇ ಕಟ್ಟಬೇಡಿ.

ಮೊದಲು ಲೆಕ್ಕ ನೋಡಿ. ಮೂರೂವರೆ ಸಾವಿರಕ್ಕೆ ವಾರದಲ್ಲಿ ಒಂದೂವರೆ ಸಾವಿರ ಜಾಸ್ತಿ. ಅಂದರೆ ನೂರಕ್ಕೆ ಸುಮಾರು 43 ರೂಪಾಯಿ, ಅದೂ ಏಳು ದಿನಕ್ಕೆ. ನಮ್ಮ ಕಡೆ ತಿಂಗಳಿಗೆ ನೂರಕ್ಕೆ ಹತ್ತು ಅಂದರೇ ಮೀಟರ್ ಬಡ್ಡಿ ಅಂತ ಜನ ಹೆದರುತ್ತಾರೆ. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರ ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಅಡವಿಲ್ಲದ ಸಾಲಕ್ಕೆ 16 ದಾಟುವ ಹಾಗಿಲ್ಲ. ಇದನ್ನು ಪಕ್ಕದಲ್ಲಿ ಇಟ್ಟು ನೋಡಿ.

"ಗೊತ್ತಿದ್ದೇ ತಗೊಂಡ ಅಲ್ವಾ, ಒಪ್ಪಿಗೆ ಕೊಟ್ಟ ಅಲ್ವಾ" ಅಂತ ಕೇಳುವವರು ಇರುತ್ತಾರೆ. ನಾನೂ ಹಿಂದೆ ಹಾಗೇ ಹೇಳುತ್ತಿದ್ದೆ. ಈಗ ಯಾವ ಸಾಲ ಕಂಡರೂ ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೊಟ್ಟವನಿಗೆ ಲಾಭ ಬರುವುದು ಯಾವಾಗ? ಸಾಲ ತೀರಿದಾಗಲೋ, ತೀರದೆ ಇದ್ದಾಗಲೋ?

ಅಮೆರಿಕದಲ್ಲಿ ಇದೇ ಥರದ ಸಾಲಕ್ಕೆ ಪೇಡೇ ಲೋನ್ ಅಂತಾರೆ. ಎರಡು ವಾರಕ್ಕೆ ನೂರು ಡಾಲರಿಗೆ ಹದಿನೈದು ಡಾಲರ್ ಶುಲ್ಕ ಅಲ್ಲಿ ಸಾಮಾನ್ಯ. ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ ನಾನೂರರ ಹತ್ತಿರ ಹೋಗುತ್ತದೆ. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2014ರಲ್ಲಿ ಇಂಥ ಸಾಲಗಳ ಲೆಕ್ಕ ತೆಗೆದು ನೋಡಿತು. ನೂರರಲ್ಲಿ 80ಕ್ಕೂ ಜಾಸ್ತಿ ಸಾಲಗಳು 14 ದಿನದೊಳಗೆ ಮುಂದಕ್ಕೆ ಹೋಗುತ್ತಿದ್ದವು, ಇಲ್ಲವೇ ಅವುಗಳ ಹಿಂದೆಯೇ ಹೊಸ ಸಾಲ ಬರುತ್ತಿತ್ತು. ಅಂದರೆ ಒಂದು ಸಲ ತಗೊಂಡು ತೀರಿಸಿ ಸುಮ್ಮನಾಗುವವರಿಂದ ಆ ವ್ಯಾಪಾರ ನಡೆಯುವುದಿಲ್ಲ. ಮತ್ತೆ ಮತ್ತೆ ಬರುವವರಿಂದಲೇ ನಡೆಯುತ್ತದೆ. ನಿಮ್ಮ ತಮ್ಮನ ನಾಲ್ಕು ಆ್ಯಪ್ ಕಥೆಯೂ ಇದೇ. ಅವನೊಬ್ಬನ ದಡ್ಡತನ ಅಂತ ಇದನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ 2015ರ ಜನವರಿಯಿಂದ ಇಂಥ ಸಾಲಕ್ಕೆ ಮಿತಿ ಹಾಕಿದ್ದಾರೆ. ದಿನಕ್ಕೆ ನೂರಕ್ಕೆ 0.8ಕ್ಕಿಂತ ಜಾಸ್ತಿ ಇಲ್ಲ. ಬಡ್ಡಿ, ಶುಲ್ಕ ಎಲ್ಲ ಸೇರಿ ಅಸಲಿನಷ್ಟನ್ನು ಮೀರುವ ಹಾಗಿಲ್ಲ. ನಮ್ಮ ಹಳೆಯ ಹಿಂದೂ ಕಾನೂನಿನಲ್ಲೂ ಇದಕ್ಕೆ ಹತ್ತಿರದ ದಾಮ್‌ದುಪ್ಪಟ್ ಅನ್ನುವ ನಿಯಮ ಇತ್ತು. ಒಂದೇ ಸಲಕ್ಕೆ ವಸೂಲಿ ಮಾಡುವ ಬಡ್ಡಿ ಅಸಲನ್ನು ದಾಟಬಾರದು. ಬ್ರಿಟಿಷರ ಕಾಲದ ಮುಂಬೈ ಪ್ರಾಂತ್ಯದ ಕೋರ್ಟುಗಳು ಇದನ್ನು ಪಾಲಿಸುತ್ತಿದ್ದವು. ಸಾಗರ ದಾಟಿದರೆ ಸಿಗುವ ಸಿದ್ದಾಪುರ, ಶಿರಸಿ ಎಲ್ಲ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಸಾಲಗಾರನನ್ನು ಎಲ್ಲಿಯವರೆಗೆ ಹಿಂಡಬಹುದು ಅನ್ನುವ ಪ್ರಶ್ನೆ ನಮ್ಮವರಿಗೆ ಹೊಸದಲ್ಲ.

ಈಗ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

ಜುಲೈ ತಿಂಗಳು. ಮೂರು ವಾರದಿಂದ ಬಿಡದೆ ಮಳೆ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಮನೆಯ ಜಗಲಿಯಲ್ಲಿ ಸಂಘದ ಮೀಟಿಂಗ್. ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟರು. ನೋಟು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದೇ ಬಿಡಿಸಿ ಎಣಿಸಿದೆ. 640 ರೂಪಾಯಿ. ವಾರದ ಕಂತು 1,150. ಉಳಿದಿದ್ದನ್ನು ಗುಂಪಿನವರು ಹಾಕಬೇಕು, ಅದು ನಮ್ಮ ಪದ್ಧತಿ. ಹಿಂದಿನ ವಾರವೂ ಅವರೇ ಹಾಕಿದ್ದರು. ಈ ಸಲ ಯಾರೂ ಮಾತಾಡಲಿಲ್ಲ. ಬ್ರಾಂಚಿಗೆ ಫೋನ್ ಮಾಡಿದೆ. ಪೂರ್ತಿ ಬರುವವರೆಗೆ ಅವರ ಮನೆಯಿಂದ ಏಳಬೇಡ ಅಂದರು.

ಹೋಗಿ ಕೂತೆ. ಬೈಯಲಿಲ್ಲ, ಜೋರು ಮಾಡಲಿಲ್ಲ. ಸುಮ್ನೆ ಜಗಲಿ ಮೇಲೆ ಕೂತಿದ್ದೆ. ಅಕ್ಕ ಹಾಲಿಲ್ಲದ ಕಾಫಿ ಕೊಟ್ಟರು. ಗಂಡ ತೋಟದ ಕೂಲಿಗೆ ಹೋಗುವವರು, ಮಳೆಯಲ್ಲಿ ಕೆಲಸ ಇರಲಿಲ್ಲ, ಒಳಗೆ ಮಲಗಿದ್ದರು. ಸಂಜೆ ನಾಲ್ಕೂವರೆಗೆ ಅವರ ಮಗಳು ಶಾಲೆಯಿಂದ ಬಂದಳು. ಬೇಲಿಯ ದಣಪೆ ಹತ್ತಿರ ನನ್ನ ಬೈಕ್ ನೋಡಿ ಅಲ್ಲೇ ನಿಂತಳು. ಒಳಗೆ ಬರಲಿಲ್ಲ. ಹಲಸಿನ ಮರದ ಕೆಳಗೆ ಕೊಡೆ ಹಿಡಿದು ನಿಂತೇ ಇದ್ದಳು. ಅಮ್ಮ ಕರೆದರೂ ಬರಲಿಲ್ಲ. ನಾನು ಎದ್ದು ಬೈಕ್ ಹತ್ತಿದ ಮೇಲೆ, ನನ್ನ ಕಡೆ ನೋಡದೆ ಪಕ್ಕದಿಂದ ಓಡಿ ಒಳಗೆ ಹೋದಳು.

ಆ ಅಕ್ಕ ಮೀಟಿಂಗ್ ತಪ್ಪಿಸಿರಲಿಲ್ಲ. ಎರಡು ಸಲ ಅಥವಾ ಜಾಸ್ತಿ ಸಲ ಸತತವಾಗಿ ಗೊತ್ತಾದ ಜಾಗಕ್ಕೆ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು ಅನ್ನುತ್ತದೆ ಆರ್‌ಬಿಐ ನಿಯಮ. ನಾನು ನಿಯಮ ಮುರಿದು ಅಲ್ಲಿ ಕೂತಿದ್ದೆ. ನಾಲ್ಕು ತಿಂಗಳ ನಂತರ ಕೆಲಸ ಬಿಟ್ಟೆ. ಅದೇ ದಿನ ಬಿಡಬೇಕಿತ್ತು.

ಆ ಮನೆಗೆ ದುಡ್ಡು ಬರುವುದು ಕೊಯ್ಲಿನ ಕಾಲದಲ್ಲಿ. ನವೆಂಬರ್ ಹೊತ್ತಿಗೆ ಅಡಿಕೆ ಗೊನೆ ಇಳಿಸುವುದು ಜೋರಾದರೆ ಗಂಡನಿಗೆ ಕೆಲಸ. ರಾತ್ರಿ ಅಡಿಕೆ ಸುಲಿದರೆ ಹೆಂಗಸರಿಗೂ ಕಾಸು. ಜೂನ್‌ನಿಂದ ಆಗಸ್ಟ್ ತನಕ ಏನೂ ಇಲ್ಲ. ಇದು ಕಂಪನಿಗೂ ಗೊತ್ತು, ನನಗೂ ಗೊತ್ತು. ಆದರೂ ಕಂತು ವರ್ಷದ ಐವತ್ತೆರಡು ವಾರವೂ ಒಂದೇ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಹೇಳುವುದು ಸುಲಭ. ಮಳೆಗಾಲದಲ್ಲಿ ಹಾಸಿಗೆಯೇ ಗಿಡ್ಡ ಆಗುವವರ ಕಾಲು ಎಲ್ಲಿ ಹೋಗಬೇಕು?

ಮಂಡಿಯಲ್ಲಿ ಬೇರೆ ಥರ ನೋಡುತ್ತಿದ್ದೇನೆ. ಬೆಳೆಗಾರರು ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ತಗೊಳ್ಳುತ್ತಾರೆ. ಅಡಿಕೆ ಬಂದಾಗ ಮುರಿದುಕೊಳ್ಳುತ್ತೇವೆ. ಕೊಳೆರೋಗ ಬಂದು ಬೆಳೆ ಹೋದರೆ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಇದು ಧರ್ಮದ ಕೆಲಸ ಅಂತ ನಾನು ಹೇಳುವುದಿಲ್ಲ. ಮುಂಗಡ ತಗೊಂಡವರು ಅಡಿಕೆಯನ್ನು ಇಲ್ಲಿಗೇ ತರಬೇಕು, ಬೇರೆ ಕಡೆ ರೇಟು ಜಾಸ್ತಿ ಇದ್ದರೂ. ಆದರೆ ಇಲ್ಲಿ ಬೆಳೆಗಾರ ಉಳಿದರೆ ಮಾತ್ರ ಮಂಡಿಗೆ ಅಡಿಕೆ. ಅವನು ಮುಳುಗಿದರೆ ನಮಗೂ ನಷ್ಟ. ವಾರಕ್ಕೆ 43 ತಿನ್ನುವ ಆ್ಯಪ್‌ಗೆ ಆ ಚಿಂತೆ ಇಲ್ಲ. ಎರಡು ಮೂರು ಸಲ ಕಟ್ಟಿಸಿಕೊಂಡರೆ ಅವರ ದುಡ್ಡು ವಾಪಸ್ ಬಂದಾಯಿತು. ಆಮೇಲೆ ಹುಡುಗ ಏನಾದರೂ ಆಗಲಿ.

ಒಂದು ವಿಷಯ ಬರೆಯದೆ ಇರಲು ಆಗುತ್ತಿಲ್ಲ. ತೋಟದ ಪಹಣಿ ಇರುವ ರೈತರಿಗೆ ಸೊಸೈಟಿಯಲ್ಲಿ 5 ಲಕ್ಷದವರೆಗೆ ಬೆಳೆಸಾಲ ಬಡ್ಡಿ ಇಲ್ಲದೆ ಸಿಗುತ್ತದೆ. ಅದೇ ತೋಟದ ಅಡಿಕೆ ಸುಲಿಯುವ ಹೆಂಗಸಿಗೆ ನಾನು ವರ್ಷಕ್ಕೆ ನೂರಕ್ಕೆ 24ಕ್ಕೂ ಜಾಸ್ತಿ ಬಡ್ಡಿಗೆ ಸಾಲ ಕೊಟ್ಟಿದ್ದೇನೆ. ಪಹಣಿ ಇದ್ದವರು "ಸಾಲ ಮಾಡುವವರಿಗೆ ಶಿಸ್ತಿಲ್ಲ" ಅಂದಾಗ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ತಮ್ಮನ ಹೊಣೆ ಏನು? ಮೊದಲನೆಯದು, ಐದನೆಯ ಆ್ಯಪ್ ಮುಟ್ಟಬಾರದು. ಎರಡನೆಯದು, ಮುಚ್ಚಿಡಬಾರದು. ವಸೂಲಿಗೆ ಹೋದ ಎಷ್ಟೋ ಮನೆಗಳಲ್ಲಿ ಸಾಲದ ವಿಷಯ ಗಂಡನಿಗೇ ಗೊತ್ತಿರಲಿಲ್ಲ. ಮರ್ಯಾದೆಗೆ ಅಂಜಿ ಮುಚ್ಚಿಟ್ಟಷ್ಟೂ ಬಡ್ಡಿ ಬೆಳೆಯಿತು. ನಿಮ್ಮ ತಮ್ಮ ನಿಮಗೆ ಹೇಳಿದ್ದಾನೆ. ಅದು ಸಣ್ಣ ವಿಷಯ ಅಲ್ಲ. ಅದಕ್ಕಾಗಿ ಅವನನ್ನು ಬೈಯಬೇಡಿ.

ಒಂದು ಹಾಳೆಯಲ್ಲಿ ನಾಲ್ಕೂ ಸಾಲ ಬರೆಯಿರಿ. ಯಾವ ದಿನ, ಕೈಗೆ ಬಂದಿದ್ದೆಷ್ಟು, ಕಟ್ಟಿದ್ದೆಷ್ಟು, ದುಡ್ಡು ಯಾರ ಖಾತೆಯಿಂದ ಬಂತು. ಈ ಕೊನೆಯದು ಮುಖ್ಯ. 2022ರಿಂದ ಇರುವ ಆರ್‌ಬಿಐ ನಿಯಮದ ಪ್ರಕಾರ ಸಾಲದ ದುಡ್ಡು ನೋಂದಾಯಿತ ಸಂಸ್ಥೆಯ ಖಾತೆಯಿಂದ ನೇರವಾಗಿ ಸಾಲಗಾರನ ಖಾತೆಗೆ ಬರಬೇಕು. ವರ್ಷದ ಒಟ್ಟು ಖರ್ಚು ಎಷ್ಟು ಅಂತ ಮೊದಲೇ ತೋರಿಸಬೇಕು. ಆ್ಯಪ್ ಫೋನಿನ ಕಾಂಟ್ಯಾಕ್ಟ್, ಫೋಟೋ ಮುಟ್ಟುವ ಹಾಗಿಲ್ಲ. ಯಾವ ಆ್ಯಪ್ ಯಾವ ಸಂಸ್ಥೆಗೆ ಸೇರಿದ್ದು ಅಂತ ಆರ್‌ಬಿಐ ವೆಬ್‌ಸೈಟಿನಲ್ಲಿ ಪಟ್ಟಿ ಇದೆ.

ನೋಂದಣಿ ಇರುವ ಸಂಸ್ಥೆಯ ಸಾಲವಾದರೆ ಬಾಕಿ ಬಾಕಿಯೇ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಕಂತು ಮಾಡಿಕೊಡಿ ಅಂತ ಇಮೇಲ್‌ನಲ್ಲಿ ಕೇಳಿ, ಫೋನಿನ ಬಾಯಿಮಾತು ನಂಬಬೇಡಿ. ನೋಂದಣಿ ಇಲ್ಲದ್ದಾದರೆ ಹೊಸ ದುಡ್ಡು ಹಾಕುವ ಮೊದಲು ದೂರು ಕೊಡಿ. ಆರ್‌ಬಿಐನ ಸಚೇತ್ ಪೋರ್ಟಲ್ ಇದೆ. ಫೋಟೋ ತಿದ್ದಿ ಹಂಚುತ್ತೇವೆ ಅಂತ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸ್ಟೇಷನ್ನಿಗೂ ಹೋಗಿ. ಕಿರುಸಾಲಕ್ಕೆ ಕಿರುಕುಳ ಕೊಡುವವರ ಮೇಲೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸರ ಮುಂದೆ ಅದರ ಹೆಸರೆತ್ತಿ ಕೇಳಿ.

ಇನ್ನೊಂದು. ರಾತ್ರಿ ಅವನ ಫೋನ್ ನಿಮ್ಮ ಹತ್ತಿರ ಇರಲಿ. ಆ ಕರೆಗಳು ಮನುಷ್ಯನನ್ನು ಹೇಗೆ ಕುಗ್ಗಿಸುತ್ತವೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ತುಂಬ ಮಂಕಾಗಿದ್ದಾನೆ ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವನನ್ನು ಒಬ್ಬನೇ ಬಿಡಬೇಡಿ.

ಭಾನುವಾರ ಅಪ್ಪನ ಮುಂದೆ ಆ ಹಾಳೆ ಇಡಿ. ತಮ್ಮನ ತಪ್ಪು ಒಪ್ಪಿಕೊಂಡೇ ಮಾತು ಶುರು ಮಾಡಿ, ಇಲ್ಲದಿದ್ದರೆ ಅವರು ಕೇಳುವುದಿಲ್ಲ. ಆಮೇಲೆ ಮೂರೂವರೆ ಸಾವಿರ, ಏಳು ದಿನ, ಐದು ಸಾವಿರ ಅನ್ನುವ ಸಾಲು ತೋರಿಸಿ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಹಿಡಿಯುವ ಜನ ಅವರು, ಬೇರೆ ವಿವರಣೆ ಬೇಕಾಗುವುದಿಲ್ಲ. ಅಸಲು ಎಷ್ಟು ಉಳಿದಿದೆ, ತಮ್ಮನ ಸಂಬಳದಲ್ಲಿ ತಿಂಗಳಿಗೆ ಎಷ್ಟು ಕಟ್ಟಬಹುದು ಅಂತ ಅವರ ಕೈಯಲ್ಲೇ ಬರೆಸಿ. ಬರೆಯುವಾಗ ತಮ್ಮನೂ ಪಕ್ಕದಲ್ಲಿ ಕೂತಿರಲಿ.