ದಿನಾ ಎರಡು ಗಂಟೆ ವ್ಯಾಯಾಮ ಮಾಡಿದರೂ ಗಗನಯಾತ್ರಿಗಳ ಮೂಳೆ ಸವೆಯುವುದೇಕೆ?

ಭಾರ ಬೀಳದ ಮೂಳೆಯನ್ನು ದೇಹವೇ ಕರಗಿಸಿಬಿಡುತ್ತದೆ. ಎರಡು ಗಂಟೆಯ ಕಸರತ್ತು ಉಳಿದ ಇಪ್ಪತ್ತೆರಡು ಗಂಟೆಯ ತೇಲಾಟವನ್ನು ಪೂರ್ತಿ ಸರಿದೂಗಿಸುವುದಿಲ್ಲ.

ಮೂಳೆಯಲ್ಲಿ ಕೆಲವು ಕೋಶಗಳು ಹಳೆಯ ಭಾಗವನ್ನು ಕರಗಿಸುತ್ತಲೇ ಇರುತ್ತವೆ, ಇನ್ನು ಕೆಲವು ಹೊಸದನ್ನು ಕಟ್ಟುತ್ತವೆ. ಎಷ್ಟು ಕಟ್ಟಬೇಕೆಂದು ಸೂಚನೆ ಕೊಡುವುದು ಒಳಗೇ ಹುದುಗಿರುವ ಆಸ್ಟಿಯೋಸೈಟ್ ಕೋಶಗಳು. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಸೂಕ್ಷ್ಮ ನಾಳಗಳಲ್ಲಿ ದ್ರವ ಹರಿದಾಡುತ್ತದೆ. ಆ ಹರಿವೇ ಆಸ್ಟಿಯೋಸೈಟ್‌ಗಳಿಗೆ ಸಂಕೇತ. ಅದು ನಿಂತರೆ ಅವು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಹೆಚ್ಚು ಸ್ರವಿಸಿ ಕಟ್ಟುವ ಕೆಲಸವನ್ನು ತಡೆಯುತ್ತವೆ. ಕರಗಿಸುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಅಂತರಿಕ್ಷದಲ್ಲಿ ತಕ್ಕ ವ್ಯಾಯಾಮವಿಲ್ಲದಿದ್ದರೆ ಸೊಂಟದ ಭಾಗದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಸೇರುವುದರಿಂದ ಕಿಡ್ನಿ ಕಲ್ಲಿನ ಅಪಾಯವೂ ಹೆಚ್ಚು.

ಅಲ್ಲಿ ಡಂಬೆಲ್‌ಗೆ ತೂಕವಿಲ್ಲವಲ್ಲ, ಹಾಗಾಗಿ ಅಂತರಿಕ್ಷ ನಿಲ್ದಾಣದ ವ್ಯಾಯಾಮ ಯಂತ್ರ ನಿರ್ವಾತ ಸಿಲಿಂಡರ್‌ಗಳಿಂದ ಸುಮಾರು 270 ಕೆ.ಜಿ.ವರೆಗಿನ ಪ್ರತಿರೋಧ ಒಡ್ಡುತ್ತದೆ. ಇದರಿಂದ ನಷ್ಟ ಬಹಳ ತಗ್ಗಿದೆ. ಜೊತೆಗೆ ಮೂಳೆ ಕರಗುವುದನ್ನು ತಗ್ಗಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ವಾರಕ್ಕೊಂದರಂತೆ ನುಂಗಿದವರಲ್ಲಿ ಫಲಿತಾಂಶ ಇನ್ನೂ ಚೆನ್ನಾಗಿತ್ತು. ಆದರೂ 17 ಗಗನಯಾತ್ರಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಭೂಮಿಗೆ ಮರಳಿ ಒಂದು ವರ್ಷವಾದರೂ ಹಲವರ ಮೊಣಕಾಲ ಕೆಳಗಿನ ಮೂಳೆ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ನನಗೆ ಇದೇ ಹೆಚ್ಚು ಕಳವಳದ ವಿಷಯ.

ಸ್ನಾಯುಗಳೂ ಹೀಗೆಯೇ ಕುಗ್ಗುತ್ತವೆ. ಅದರ ಕಾರಣ ಹುಡುಕುವ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ಪ್ರಯೋಗವನ್ನು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ನಡೆಸಿದರು.